ಹಳೆಯ ಪಂಪ್ ರೈಫಲ್: ಮೇಜಿನ ಮೇಲಿನ ಮೂರರಲ್ಲಿ ಯಾವುದು?

ಪೆನ್ಸಿಲ್ವೇನಿಯಾದಲ್ಲಿ ನಮ್ಮ ಬೀದಿಯ ಕೊನೆಯ ಮನೆಯ ಅಜ್ಜ ತೀರಿಕೊಂಡ ಮೇಲೆ ಅವರ ಮಗಳು ಮನೆ ಖಾಲಿ ಮಾಡುತ್ತಿದ್ದರು. ಊಟದ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಮೂರು ರೈಫಲ್‌ಗಳನ್ನು ಮಲಗಿಸಿದ್ದರು. "ನಿಮಗೆ ಇವುಗಳ ಹುಚ್ಚು ಇದೆಯೆಂದು ಅಪ್ಪ ಹೇಳುತ್ತಿದ್ದರು. ಅಂಗಡಿಯವನಿಗೆ ಕೊಡುವ ಮೊದಲು ನೀವೊಂದು ಆರಿಸಿಕೊಳ್ಳಿ, ಬೆಲೆಯನ್ನೂ ನೀವೇ ಹೇಳಿ" ಎಂದರು. ಬೆಲೆಯನ್ನು ನೀವೇ ಹೇಳಿ ಎನ್ನುವವರ ಮುಂದೆ ನಿಲ್ಲುವಷ್ಟು ಸಂಕಟ ಇನ್ನೊಂದಿಲ್ಲ. ಕಡಿಮೆ ಹೇಳಿದರೆ ಸತ್ತವರಿಗೆ ಮೋಸ, ಹೆಚ್ಚು ಹೇಳಿದರೆ ಮನೆಯಲ್ಲಿ ಹೆಂಡತಿಗೆ ಉತ್ತರ ಕೊಡಬೇಕು.

ಮೂರೂ ಪಂಪ್ ರೈಫಲ್‌ಗಳೇ. ಒಂದು ವಿಂಚೆಸ್ಟರ್ 1890, ಇನ್ನೊಂದು ರೆಮಿಂಗ್ಟನ್ 141, ಮೂರನೆಯದು ರೆಮಿಂಗ್ಟನ್ 760. ಹಳೆಯ ಪಂಪ್ ರೈಫಲ್ ಕೊಳ್ಳಹೊರಟವರ ಮುಂದೆ ಬರುವ ಆಯ್ಕೆ ಹೆಚ್ಚುಕಡಿಮೆ ಇದೇ. ಕೈ ಸ್ವಲ್ಪ ಬಿಚ್ಚಿದವರಿಗೆ ನಾಲ್ಕನೆಯದೊಂದು ಇದೆ, ಕೋಲ್ಟ್ ಲೈಟ್ನಿಂಗ್. ಅದರ ಮಾತು ಕೊನೆಯಲ್ಲಿ.

ನಮ್ಮ ಮಲೆನಾಡಿನ ಕಡೆ ಕೇಪಿನ ಕೋವಿ, ಜೋಡುನಳಿಗೆಯ ತೋಟಾ ಕೋವಿ ನೋಡಿ ಬೆಳೆದವರಿಗೆ ಪಂಪ್ ಎಂದರೆ ಏನೆಂದು ಒಂದು ಮಾತು ಹೇಳಬೇಕು. ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರದ ತುಂಡು ಹಿಂದೆ ಮುಂದೆ ಜಾರುತ್ತದೆ. ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮುಂದಕ್ಕೆ ತಳ್ಳಿದರೆ ಹೊಸದು ಒಳಗೆ ಕೂರುತ್ತದೆ. ಬಲಗೈ ಗುಂಡು ಹಾರಿಸಲು ಎಳೆಯುವ ಕುದುರೆಯ ಬಳಿಯಿಂದ ಕದಲಬೇಕಿಲ್ಲ, ಕಣ್ಣು ಗುರಿಯಿಂದ ಸರಿಯಬೇಕಿಲ್ಲ. ಎರಡನೆಯ ಈಡಿಗೆ ಇದಕ್ಕಿಂತ ಸುಲಭವಾದದ್ದು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ ಮಾತ್ರ. ಆದರೆ ಪೆನ್ಸಿಲ್ವೇನಿಯಾದಲ್ಲಿ ಜಿಂಕೆಯ ಬೇಟೆಗೆ ಅರೆಸ್ವಯಂಚಾಲಿತ ರೈಫಲ್ ಒಯ್ಯುವಂತಿಲ್ಲ. ಈ ಕಾನೂನಿನಿಂದಾಗಿಯೇ ಇಲ್ಲಿನ ಪ್ರತಿ ಎರಡನೆಯ ಅಟ್ಟದಲ್ಲಿ ಒಂದು ಪಂಪ್ ರೈಫಲ್ ಇದೆಯೇನೋ ಅನ್ನಿಸುತ್ತದೆ. ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಜಿಂಕೆಯ ಬೇಟೆ ಶುರುವಾಗುತ್ತಿದ್ದ ಕಾಲದಲ್ಲಿ ಹಲವು ಶಾಲೆಗಳಿಗೆ ಆ ದಿನ ರಜೆಯೇ ಇರುತ್ತಿತ್ತು. 2019ರಿಂದ ಅದು ಶನಿವಾರಕ್ಕೆ ಸರಿದಿದೆ.

ಅಟ್ಟದಿಂದ ಇಳಿದ ಈ ರೈಫಲ್‌ಗಳಿಗೆ ಬೆಲೆ ಕಟ್ಟುವಾಗ ಎಲ್ಲರೂ ಮೊದಲು ಕೇಳುವುದು ವಯಸ್ಸನ್ನು. ನನ್ನ ಅನುಭವದಲ್ಲಿ ವಯಸ್ಸು ಮೂರನೆಯ ಪ್ರಶ್ನೆ. ಮೊದಲನೆಯದು, ಇದಕ್ಕೆ ಯಾವ ತೋಟಾ ಬೇಕು ಮತ್ತು ಅದು ಇಂದು ಅಂಗಡಿಯಲ್ಲಿ ಸಿಗುತ್ತದೆಯೇ? ಎರಡನೆಯದು, ಕಾರ್ಖಾನೆಯಿಂದ ಹೊರಬಿದ್ದ ಮೇಲೆ ಇದಕ್ಕೆ ಯಾರು ಯಾರು ಕೈಹಾಕಿದ್ದಾರೆ?

ರೆಮಿಂಗ್ಟನ್ 14 ಮತ್ತು 141

ಈ ಎರಡರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ನಾನು ಮೋಸಹೋದದ್ದು ಇಲ್ಲಿಯೇ, ಮನಸೋತದ್ದೂ ಇಲ್ಲಿಯೇ.

ಜಾನ್ ಪೆಡರ್ಸನ್ ರೂಪಿಸಿದ ಮಾದರಿ 14 ಮಾರುಕಟ್ಟೆಗೆ ಬಂದದ್ದು 1912ರಲ್ಲಿ. 1935ರಲ್ಲಿ ಅದನ್ನೇ ತಿದ್ದಿ, ಹಿಡಿಯನ್ನು ದಪ್ಪಗೊಳಿಸಿ, ಗೇಮ್‌ಮಾಸ್ಟರ್ ಎಂಬ ಹೆಸರಿನಲ್ಲಿ 141 ಎಂದು ಮಾರಿದರು. 1950ರಲ್ಲಿ ಅದೂ ನಿಂತಿತು. ಪೆಡರ್ಸನ್ನನ ಜಾಣತನ ಇರುವುದು ನಳಿಗೆಯ ಕೆಳಗಿನ ತೋಟಾ ಕೊಳವೆಯಲ್ಲಿ. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುತ್ತವೆ. ಹಿಂದಿನದರ ಗುಂಡಿನ ಮೂತಿ ಮುಂದಿನದರ ಬುಡದ ಕೇಪಿಗೆ ತಾಗಿಕೊಂಡಿರುತ್ತದೆ. ಮೂತಿ ಚೂಪಾಗಿದ್ದು, ಈಡಿನ ಹೊಡೆತಕ್ಕೆ ಕೇಪು ಸಿಡಿದರೆ ಕೈಯೇ ಹೋಗುತ್ತದೆ. ಆತ ಕೊಳವೆಗೆ ಹಗ್ಗ ಹೊಸೆದಂತೆ ತಿರುಚು ಕೊಟ್ಟ. ಪ್ರತಿ ತೋಟಾ ಸ್ವಲ್ಪ ಓರೆಯಾಗಿ ಮಲಗಿ, ಮೂತಿ ಕೇಪಿನ ಪಕ್ಕಕ್ಕೆ ಒರಗುತ್ತದೆ. ಹೊರಗಿನಿಂದ ನೋಡಿದರೂ ಆ ಸುರುಳಿ ಕಾಣುತ್ತದೆ. ಗುರುತು ಹಿಡಿಯಲು ಇನ್ನೂ ಸುಲಭವಾದದ್ದೊಂದಿದೆ: ಯಂತ್ರ ಕೂತಿರುವ ಲೋಹದ ಒಡಲಿನ, ಅಂದರೆ ರಿಸೀವರಿನ, ಎಡಮಗ್ಗುಲಲ್ಲಿ ಹಿತ್ತಾಳೆಯ ತೋಟಾದ ಬುಡವೊಂದನ್ನು ನಾಣ್ಯ ಕೂರಿಸಿದಂತೆ ಕೂರಿಸಿರುತ್ತಾರೆ. ಈ ಕೋವಿಗೆ ಬೇಕಾದ ತೋಟಾ ಯಾವುದೆಂದು ಅದರ ಮೇಲೆಯೇ ಬರೆದಿರುತ್ತದೆ. ಮೂಗುತಿಯಂಥ ಈ ಅಲಂಕಾರಕ್ಕೆ ಸೋತು ಕೊಂಡವರು ನಾನೊಬ್ಬನೇ ಅಲ್ಲ.

ಈಗ ಮೋಸಹೋದ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಕೋವಿ ಸಂತೆಯಲ್ಲಿ ಮಾದರಿ 14 ಒಂದು ಕಂಡಿತು. ಲೋಹದ ನೀಲಿ ಲೇಪ ಇನ್ನೂ ಮಿರುಗುತ್ತಿತ್ತು, ಬೆಲೆ ಅಕ್ಕಪಕ್ಕದವುಗಳಿಗಿಂತ ಬಹಳ ಕಡಿಮೆ. ನನಗಿಂತ ಮೊದಲು ಬೇರೆ ಯಾರ ಕಣ್ಣಿಗೂ ಇದು ಬಿದ್ದಿಲ್ಲವೆಂದುಕೊಂಡು ಬೀಗುತ್ತ ಮನೆಗೆ ತಂದೆ. ಅದರ ತೋಟಾದ ಅಳತೆ .32 ರೆಮಿಂಗ್ಟನ್. ಮರುವಾರ ತೋಟಾ ಹುಡುಕಿ ಮೂರು ಅಂಗಡಿ ಅಲೆದೆ. ಮೂರನೆಯವನು ನಕ್ಕು, "ನಿಮ್ಮ ತಾತ ಉಳಿಸಿ ಹೋಗಿದ್ದರೆ ನೋಡಿ" ಎಂದ. ಮಾದರಿ 14 ನಾಲ್ಕು ಅಳತೆಗಳಲ್ಲಿ ಬರುತ್ತಿತ್ತು: .25, .30, .32 ಮತ್ತು .35 ರೆಮಿಂಗ್ಟನ್. ಈ ನಾಲ್ವರು ಅಣ್ಣತಮ್ಮಂದಿರಲ್ಲಿ ಇಂದಿಗೂ ದೊಡ್ಡ ಕಂಪನಿಗಳ ಪಟ್ಟಿಯಲ್ಲಿ ಉಳಿದಿರುವುದು .35 ಒಂದೇ. ಅದಕ್ಕೆ ಮಾರ್ಲಿನ್ ಕಂಪನಿಯ ಲಿವರ್ ರೈಫಲ್‌ಗಳು (ಕುದುರೆಯ ಬಳಿಯ ಸನ್ನೆ ಆಡಿಸಿ ತೋಟಾ ಬದಲಿಸುವಂಥವು) ದಶಕಗಟ್ಟಲೆ ಆಸರೆಯಾಗಿದ್ದವು. ಉಳಿದ ಮೂರಕ್ಕೆ ಹಳೆಯ ಡಬ್ಬಿ ಹುಡುಕಬೇಕು, ಇಲ್ಲವೇ ಮನೆಯಲ್ಲಿಯೇ ತೋಟಾ ತುಂಬಿಕೊಳ್ಳುವ ವಿದ್ಯೆ ಕಲಿಯಬೇಕು. ಆದ್ದರಿಂದ ಒಂದೇ ವರ್ಷದ, ಒಂದೇ ಸ್ಥಿತಿಯ ಎರಡು 14ಗಳ ನಡುವೆ .35 ಯಾವಾಗಲೂ ಮೇಲುಗೈ. ನನ್ನ .32 ಈಗಲೂ ಗೋಡೆಯ ಮೇಲಿದೆ. ನೋಡಲು ಚೆನ್ನಾಗಿದೆ.

ಇದಕ್ಕೆ ಒಂದು ಅಪವಾದವಿದೆ. 14½ ಎಂಬ ಮಾದರಿ ವಿಂಚೆಸ್ಟರಿನ ಹಳೆಯ .38-40 ಮತ್ತು .44-40 ತೋಟಾಗಳಿಗೆಂದು ಮಾಡಿದ್ದು. ಕಡಿಮೆ ಸಂಖ್ಯೆಯಲ್ಲಿ ಬಂದಿರುವುದರಿಂದ ಸಂಗ್ರಹಕಾರರು ಅದರ ಹಿಂದೆ ಬಿದ್ದಿದ್ದಾರೆ. ಹದಿನೆಂಟೂವರೆ ಇಂಚಿನ ಗಿಡ್ಡ ನಳಿಗೆಯ ಕಾರ್ಬೈನ್ ಕೂಡ ಹಾಗೆಯೇ. ಆದರೆ ಗಿಡ್ಡ ನಳಿಗೆ ಕಂಡ ಕೂಡಲೇ ಹಿಗ್ಗಬೇಡಿ. ಉದ್ದದ್ದನ್ನು ಗರಗಸದಲ್ಲಿ ಕೊಯ್ದು ಕಾರ್ಬೈನ್ ಮಾಡಿದ ಪುಣ್ಯಾತ್ಮರೂ ಇದ್ದಾರೆ. ಮುಂದಿನ ಗುರಿಗಂಬ ಕೂತಿರುವ ಜಾಗ, ಬೆಸುಗೆ, ನಳಿಗೆಯ ತುದಿಯ ದುಂಡು ನೋಡಿದರೆ ಗೊತ್ತಾಗುತ್ತದೆ.

ಕೊಳ್ಳುವಾಗ ಸುರುಳಿ ಕೊಳವೆಯನ್ನು ಬೆರಳಿನಿಂದ ಪೂರ್ತಿ ಸವರಿ ನೋಡಿ. ತೆಳು ಲೋಹ, ಒಂದು ತಗ್ಗು ಬಿದ್ದರೂ ತೋಟಾ ಸಿಕ್ಕಿಕೊಳ್ಳುತ್ತದೆ. ಬಿಡಿಭಾಗ ಸಿಗುವುದು ಕಷ್ಟ, ಒಳಗಿನ ಯಂತ್ರ ಗಡಿಯಾರದಷ್ಟು ಸಿಕ್ಕು. ಮಾದರಿಗೆ ಪರಿಚಯವಿಲ್ಲದ ರಿಪೇರಿಯವನು ಬಿಚ್ಚಿದರೆ ಮತ್ತೆ ಜೋಡಿಸುತ್ತಾನೆಂಬ ಭರವಸೆಯಿಲ್ಲ. ದುರ್ಬೀನು ಕೂರಿಸಲೆಂದು ರಿಸೀವರಿನ ಪಕ್ಕಕ್ಕೆ ಯಾರೋ ಕೊರೆದ ತೂತುಗಳಿದ್ದರೆ ಸಂಗ್ರಹಕಾರನ ಪಾಲಿಗೆ ಬೆಲೆ ಅಲ್ಲಿಯೇ ಬಿತ್ತು. ಕಾಡಿಗೆ ಒಯ್ಯುವವನಿಗೆ ಅದೇ ತೂತು ಉಪಕಾರ.

ರೆಮಿಂಗ್ಟನ್ 760

1952ರಲ್ಲಿ ಬಂದ 760ಕ್ಕೂ ಗೇಮ್‌ಮಾಸ್ಟರ್ ಎಂಬ ಹೆಸರನ್ನೇ ಇಟ್ಟರು, ಆದರೆ ಒಳಗೆ ಅದು ಬೇರೆಯೇ ಜಾತಿ. ಕೊಳವೆ ಹೋಗಿ ಕಳಚಿ ಹಾಕುವ ತೋಟಾ ಪೆಟ್ಟಿಗೆ ಬಂತು. ತೋಟಾದ ಹಿಂದೆ ಬಾಗಿಲಿನಂತೆ ಮುಚ್ಚುವ ಬೋಲ್ಟ್ ತಿರುಗಿ ನಳಿಗೆಯ ಹಿಂಭಾಗಕ್ಕೆ ಬೀಗ ಹಾಕಿಕೊಳ್ಳುತ್ತದೆ, ಹಾಗಾಗಿ .30-06ನಂಥ ಬಲಿಷ್ಠ ತೋಟಾಗಳಿಗೆ ತಡೆಯುತ್ತದೆ. ಎರಡು ವರ್ಷ ಮೊದಲು ಬಂದಿದ್ದ 870 ಶಾಟ್‌ಗನ್ನಿನ ಒಡಹುಟ್ಟು ಇದು. ಶಾಟ್‌ಗನ್ ಹಿಡಿದು ಪಳಗಿದ ಕೈ ಇದನ್ನು ಕಣ್ಣುಮುಚ್ಚಿ ಆಡಿಸುತ್ತದೆ. ವರ್ಮಾಂಟ್ ರಾಜ್ಯದ ಲ್ಯಾರಿ ಬೆನೊಯಿ ಎಂಬ ಹೆಸರಾಂತ ಬೇಟೆಗಾರ ಹಿಮದಲ್ಲಿ ಜಿಂಕೆಯ ಹೆಜ್ಜೆ ಹಿಡಿದು ದಿನವಿಡೀ ನಡೆಯುವಾಗ ಹಿಡಿದಿರುತ್ತಿದ್ದದ್ದು 760ನ್ನೇ. ಈಶಾನ್ಯ ರಾಜ್ಯಗಳಲ್ಲಿ ಅದರ ಹೆಸರು ಬೆಳೆದದ್ದರಲ್ಲಿ ಅವನ ಪಾಲು ದೊಡ್ಡದು.

1981ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು 760ಗಳು ತಯಾರಾದವು. ಸಂಗ್ರಹಕಾರನ ಕಷ್ಟ ಇರುವುದು ಇಲ್ಲಿ. ಹತ್ತು ಲಕ್ಷವಿರುವ ವಸ್ತುವನ್ನು ಕೂಡಿಡುವುದೆಂದರೆ ಊರ ಕೆರೆಯ ನೀರನ್ನು ಕೊಡದಲ್ಲಿ ತುಂಬಿಟ್ಟಂತೆ. .30-06 ಅಥವಾ .270 ಅಳತೆಯ, ಹತ್ತಾರು ವರ್ಷ ಕಾಡಿನಲ್ಲಿ ತಿರುಗಿದ 760 ಕೆಲವು ನೂರು ಡಾಲರಿಗೆ ಸಿಗುತ್ತದೆ, ನಾಳೆಯೂ ಸಿಗುತ್ತದೆ. ಅದನ್ನು ಹೂಡಿಕೆ ಎಂದು ಮಾರಲು ಬಂದವರಿಗೆ ನಮಸ್ಕಾರ ಹೇಳಿ ಮುಂದೆ ನಡೆಯಿರಿ. ಹತ್ತು ಲಕ್ಷದ ಆ ರಾಶಿಯಲ್ಲಿ ಹುಡುಕಬೇಕಾದವು ಬೇರೆ: .222 ಮತ್ತು .223 ಅಳತೆಯವು, ಅವು ಬಹಳ ಕಡಿಮೆ ತಯಾರಾದವು; .257 ರಾಬರ್ಟ್ಸ್; .35 ರೆಮಿಂಗ್ಟನ್; ಗಿಡ್ಡ ನಳಿಗೆಯ ಕಾರ್ಬೈನ್. ಕಂಪನಿಗೆ 150 ವರ್ಷ ತುಂಬಿದ 1966ರ ವಿಶೇಷ ಆವೃತ್ತಿಯೊಂದಿದೆ. ಅದು ಬಂದ ರಟ್ಟಿನ ಡಬ್ಬ, ಕಾಗದಪತ್ರದ ಸಮೇತ ಇದ್ದರೆ ಅದಕ್ಕೂ ಗಿರಾಕಿಗಳಿದ್ದಾರೆ. ಶುರುವಿನ ವರ್ಷಗಳ ಜಾರುಹಿಡಿಯಲ್ಲಿ ಜೋಳದ ದಿಂಡಿನಂತೆ ಗೀರುಗಳಿರುತ್ತವೆ. ಆಮೇಲಿನವುಗಳ ಮರದ ಮೇಲೆ ಯಂತ್ರದಿಂದ ಒತ್ತಿದ ಕಸೂತಿ ಇರುತ್ತದೆ. ನನಗೆ ಆ ಒತ್ತು ಕಸೂತಿ ಕಂಡರೆ ಆಗುವುದಿಲ್ಲ, ಪ್ಲಾಸ್ಟಿಕ್ ಚಾಪೆಯ ನೆನಪಾಗುತ್ತದೆ.

ವಯಸ್ಸು ತಿಳಿಯಲು ನಳಿಗೆಯ ಎಡಗಡೆ, ರಿಸೀವರಿನ ಹತ್ತಿರ ಒತ್ತಿರುವ ಸಣ್ಣ ಅಕ್ಷರಗಳನ್ನು ನೋಡಬೇಕು. ಮೊದಲ ಅಕ್ಷರ ತಿಂಗಳು. ಕರಿಮದ್ದಿಗೆ ಇಂಗ್ಲಿಷಿನಲ್ಲಿರುವ ಬ್ಲ್ಯಾಕ್‌ಪೌಡರ್ ಎಂಬ ಪದದ ಹನ್ನೊಂದು ಅಕ್ಷರಗಳಿಗೆ ಕೊನೆಯಲ್ಲಿ ಒಂದು ಎಕ್ಸ್ ಸೇರಿಸಿ ಹನ್ನೆರಡು ಮಾಡಿದ್ದಾರೆ. ಬಿ ಎಂದರೆ ಜನವರಿ, ಎಲ್ ಎಂದರೆ ಫೆಬ್ರವರಿ, ಹೀಗೆ ಎಕ್ಸ್ ಎಂದರೆ ಡಿಸೆಂಬರ್. ಎರಡನೆಯ ಅಕ್ಷರ ವರ್ಷ. ಒಂದು ಎಚ್ಚರಿಕೆ: ಇದು ನಳಿಗೆಯ ಜಾತಕ, ಕೋವಿಯದಲ್ಲ. ನಳಿಗೆ ಬದಲಾಗಿದ್ದರೆ ಲೆಕ್ಕ ತಪ್ಪುತ್ತದೆ.

760ನ್ನು ಅಲ್ಲಾಡಿಸಿದರೆ ಜಾರುಹಿಡಿ ಗಡಗಡ ಎನ್ನುತ್ತದೆ. ಅದು ದೋಷವಲ್ಲ, ಹುಟ್ಟುಗುಣ. ನಿಜವಾಗಿ ನೋಡಬೇಕಾದದ್ದು ತೋಟಾ ಪೆಟ್ಟಿಗೆ ಇದೆಯೇ, ಅದು ಕಂಪನಿಯದೇ ಎಂಬುದನ್ನು. ಕಾಡಿನಲ್ಲಿ ಬಿದ್ದುಹೋದ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಇದೇ ಮುಖದ 742 ಎಂಬ ಅರೆಸ್ವಯಂಚಾಲಿತ ತಮ್ಮನೊಬ್ಬನಿದ್ದಾನೆ. ದೂರದಿಂದ ನೋಡಿ 760 ಎಂದು ಕೊಳ್ಳಬೇಡಿ. 742ರ ಬೋಲ್ಟ್ ಓಡಾಡುವ ರಿಸೀವರಿನ ಒಳಹಳಿಗಳು ಸವೆದು ಹಲ್ಲು ಬೀಳುತ್ತವೆ, ಆಮೇಲೆ ಅದಕ್ಕೆ ಮದ್ದಿಲ್ಲ. ಕೈಯಿಂದ ಓಡುವ 760ಕ್ಕೆ ಈ ರೋಗವಿಲ್ಲ.

ನ್ಯೂಯಾರ್ಕ್ ರಾಜ್ಯದ ಇಲಿಯನ್ ಊರಿನ ರೆಮಿಂಗ್ಟನ್ ಕಾರ್ಖಾನೆ 2024ರಲ್ಲಿ ಬಾಗಿಲು ಹಾಕಿತು. ಇನ್ನು ಇವುಗಳ ಬೆಲೆ ಗಗನಕ್ಕೇರುತ್ತದೆ ಎಂದು ಅಂಗಡಿಯವರು ಹೇಳಿದ್ದೇ ಹೇಳಿದ್ದು. ಇಲಿಯನ್ ಎಂಬ ಮುದ್ರೆಗೆ ಭಾವುಕ ಬೆಲೆ ಇದ್ದೀತು. ಹತ್ತು ಲಕ್ಷ ಎಂಬ ಸಂಖ್ಯೆ ಮಾತ್ರ ಬೀಗ ಹಾಕಿದ್ದರಿಂದ ಕಡಿಮೆಯಾಗುವುದಿಲ್ಲ.

ವಿಂಚೆಸ್ಟರ್ 1890

ಬ್ರೌನಿಂಗ್ ಸೋದರರು ರೂಪಿಸಿದ ಇದು .22ರ ಪುಟ್ಟ ರೈಫಲ್. ಜಿಂಕೆಗಲ್ಲ, ಮೊಲಕ್ಕೆ, ಅಳಿಲಿಗೆ. ತೋಟಾ ಸಿಡಿಸುವ ಸುತ್ತಿಗೆ ಹೊರಗೇ ಕಾಣುತ್ತದೆ, ಎಂಟುಪಟ್ಟಿಯ ಇಪ್ಪತ್ತನಾಲ್ಕು ಇಂಚಿನ ನಳಿಗೆ. ಮೂರರಲ್ಲಿ ಚೆಲುವೆ ಯಾರೆಂದು ಕೇಳಿದರೆ ಇದೇ. 1932ರವರೆಗೆ ಎಂಟು ಲಕ್ಷಕ್ಕೂ ಮಿಕ್ಕಿ ತಯಾರಾದರೂ ಒಳ್ಳೆಯ ಸ್ಥಿತಿಯಲ್ಲಿರುವುದು ಸಿಗುವುದು ಅಪರೂಪ. ಕಾರಣ, ಅಮೆರಿಕದ ಜಾತ್ರೆಗಳ ಗುಂಡು ಹೊಡೆಯುವ ಅಂಗಡಿಗಳಲ್ಲಿ ಸರಪಳಿ ಕಟ್ಟಿ ಇಡುತ್ತಿದ್ದದ್ದು ಬಹುಪಾಲು ಇದನ್ನೇ. ದಿನಕ್ಕೆ ಸಾವಿರ ಗುಂಡು ಹೊಡೆಸಿಕೊಂಡ ನಳಿಗೆಯಲ್ಲಿ ಏನು ಉಳಿದೀತು?

ಶುರುವಿನ ಮಾದರಿಯ ಒಡಲು ಬಿಚ್ಚಲು ಬರುವುದಿಲ್ಲ. ಆಮೇಲಿನವು ಎರಡಾಗಿ ಕಳಚಿಕೊಳ್ಳುತ್ತವೆ. ಮೊದಲಿನದಕ್ಕೆ ಬೆಲೆ ಹೆಚ್ಚು. ಒಂದು 1890 ಒಂದೇ ಬಗೆಯ .22 ತೋಟಾ ತಿನ್ನುತ್ತದೆ: ಶಾರ್ಟ್ ಇದ್ದರೆ ಶಾರ್ಟ್ ಮಾತ್ರ, ಲಾಂಗ್ ಇದ್ದರೆ ಲಾಂಗ್ ಮಾತ್ರ. ಲಾಂಗ್ ರೈಫಲ್ ಎಂಬ ಇನ್ನೊಂದು ಬಗೆಯ ತೋಟಾ ಸೇರಿದ್ದು 1919ರಲ್ಲಿ. ಮೂರನ್ನೂ ತಿನ್ನಬಲ್ಲದ್ದು ಇದರ ಬಡ ತಮ್ಮ, 1906ರ ಮಾದರಿ. ದುಂಡು ನಳಿಗೆ, ಸರಳ ಮರ, ಬೆಲೆ ಕಡಿಮೆ. ಭಾನುವಾರ ಮಕ್ಕಳೊಡನೆ ಡಬ್ಬಿ ಉರುಳಿಸುವುದಷ್ಟೇ ಆಸೆಯಾದರೆ 1906ನ್ನೇ ಕೊಳ್ಳಿ. 1890ರ ಹಳೆಯ ಸಂಖ್ಯೆಗಳ ದಾಖಲೆಗಳು ವಯೋಮಿಂಗಿನ ಕೋಡಿ ಊರಿನ ವಸ್ತುಸಂಗ್ರಹಾಲಯದಲ್ಲಿವೆ. ಶುಲ್ಕ ಕಟ್ಟಿದರೆ ನಿಮ್ಮ ಕೋವಿ ಕಾರ್ಖಾನೆಯಿಂದ ಹೇಗೆ ಹೊರಟಿತು ಎಂದು ಪತ್ರ ಬರೆದುಕೊಡುತ್ತಾರೆ. ದುಬಾರಿ ಕೋವಿಗೆ ಆ ಪತ್ರ ಬೇಕೇ ಬೇಕು.

ಕೋಲ್ಟ್ ಲೈಟ್ನಿಂಗ್, ಮತ್ತು ಬಿಡಬಹುದಾದ ಇನ್ನೊಂದು

ರಿವಾಲ್ವರಿನ ಕೋಲ್ಟ್ ಕಂಪನಿ 1884ರಿಂದ 1904ರವರೆಗೆ ಈ ಪಂಪ್ ರೈಫಲನ್ನು ಸಣ್ಣ, ನಡು, ದೊಡ್ಡ ಎಂದು ಮೂರು ಗಾತ್ರಗಳಲ್ಲಿ ಮಾಡಿತು. ದೊಡ್ಡದು ಆರೂವರೆ ಸಾವಿರದಷ್ಟು ಮಾತ್ರ, ಅದೂ 1894ಕ್ಕೆ ನಿಂತಿತು. ನಡುಗಾತ್ರದ ನಾನೂರು ಚಿಲ್ಲರೆ ಕೋವಿಗಳನ್ನು ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರು ಕೊಂಡಿದ್ದರು. ಆ ಗುರುತು ಇರುವ ಕೋವಿಯ ಬೆಲೆ ಬೇರೆಯೇ, ಹಾಗಾಗಿ ಸುಳ್ಳು ಗುರುತು ಒತ್ತುವವರೂ ಇದ್ದಾರೆ. ಕೋಲ್ಟ್ ದಾಖಲೆ ವಿಭಾಗದ ಪತ್ರವಿಲ್ಲದೆ ಅಂಥದ್ದಕ್ಕೆ ಕೈಹಾಕಬೇಡಿ. ಇದು ಸಾವಿರಗಳಲ್ಲಿ ಮಾತನಾಡುವ ಆಟ. ಹೊಡೆಯುವ ಆಸೆಯಿದ್ದರೆ ಇಟಲಿಯವರು ಮಾಡಿದ ಹೊಸ ನಕಲುಗಳು ಸಿಗುತ್ತವೆ; ನೂರಮೂವತ್ತು ವರ್ಷದ ಮುದುಕಿಯನ್ನು ಓಡಿಸುವುದು ಬೇಡ.

ಸ್ಯಾವೇಜ್ 170 ಎಂಬುದು 1970ರ ದಶಕದ ಅಗ್ಗದ ಪಂಪ್. .30-30 ತೋಟಾ ಎಲ್ಲೆಲ್ಲೂ ಸಿಗುತ್ತದೆ, ಕೋವಿಯೂ ಕೆಲಸ ಮಾಡುತ್ತದೆ. ಕೂಡಿಡುವವರು ಕಡಿಮೆ.

ಕೈಹಾಕಿದವರ ಗುರುತುಗಳು

ಯಾವ ಮಾದರಿಯೇ ಆಗಲಿ, ಬೆಲೆಯನ್ನು ಅರ್ಧಕ್ಕೆ ಇಳಿಸುವ ಶಕ್ತಿ ಇರುವುದು ಒಳ್ಳೆಯ ಉದ್ದೇಶದಿಂದ ಮಾಡಿದ ರಿಪೇರಿಗೆ. ಹೊಸದಾಗಿ ನೀಲಿ ಲೇಪ ಹಾಕಿಸಿದ ಕೋವಿ ದೂರದಿಂದ ಕಣ್ಣು ಕೋರೈಸುತ್ತದೆ. ಹತ್ತಿರದಿಂದ ನೋಡಿದರೆ ಕಂಪನಿಯ ಹೆಸರಿನ ಅಕ್ಷರಗಳು ಉಜ್ಜಿ ಮಸುಕಾಗಿರುತ್ತವೆ, ಅಂಚುಗಳು ಸಾಬೂನಿನಂತೆ ದುಂಡಗಾಗಿರುತ್ತವೆ. ಭುಜಕ್ಕೆ ಒತ್ತುವ ಹಿಡಿಯ ಹಿಂತುದಿಯನ್ನು ಮಗನ ಗಿಡ್ಡ ಕೈಗೆ ಸರಿಯಾಗಲೆಂದು ಕೊಯ್ದು ರಬ್ಬರ್ ಅಂಟಿಸಿರುತ್ತಾರೆ, ಅವನು ಹನ್ನೆರಡಕ್ಕೆ ಕಾಲಿಟ್ಟ ವರ್ಷ. ರಿಸೀವರಿನ ಮೇಲೆ ಒಂಬತ್ತು ಅಂಕಿಗಳನ್ನು ಗೀಚಿದ್ದರೆ ಗಾಬರಿಯಾಗಬೇಡಿ: 1970ರ ದಶಕದಲ್ಲಿ ಕಳ್ಳರ ಭಯಕ್ಕೆ ಮನೆಯ ಸಾಮಾನಿನ ಮೇಲೆಲ್ಲ ತಮ್ಮ ಸರ್ಕಾರಿ ಗುರುತಿನ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ವಿದ್ಯುತ್ ಲೇಖನಿಯಿಂದ ಕೆತ್ತುವ ಚಳವಳಿಯೇ ನಡೆದಿತ್ತು. ಅಂದಿನ ಜಾಗರೂಕತೆಯಿಂದ ಇಂದಿನ ಬೆಲೆ ಬಿದ್ದಿದೆ. ನಳಿಗೆಯೊಳಗೆ ದೀಪ ಬಿಟ್ಟು ನೋಡಿ. ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಕೇಪುಗಳ ಉಪ್ಪು ಲೋಹವನ್ನು ತಿನ್ನುತ್ತಿತ್ತು, ಹೊಡೆದ ದಿನವೇ ತೊಳೆಯದಿದ್ದರೆ ಸಿಡುಬಿನ ಕಲೆ ಬೀಳುತ್ತಿತ್ತು.

ಕಾಗದದ ಮಾತು

ಇದನ್ನು ಓದುತ್ತಿರುವ ಅಮೆರಿಕದ ಕನ್ನಡಿಗರಲ್ಲಿ ಅನೇಕರು ಎಚ್-1ಬಿ ವೀಸಾದ ಮೇಲಿರುತ್ತೀರಿ. ವಲಸೆಯೇತರ ವೀಸಾದವರು ಬಂದೂಕು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದೂ ಸಾಮಾನ್ಯವಾಗಿ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇದ್ದರೆ ವಿನಾಯಿತಿ ಇದೆ. ವಕೀಲರನ್ನು ಕೇಳದೆ ಅದನ್ನೇ ನಂಬಿ ಹೊರಡಬೇಡಿ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ನ್ಯೂಜೆರ್ಸಿಯಲ್ಲಿರುವವರು ಮೊದಲು ರಾಜ್ಯದ ಗುರುತುಚೀಟಿ ಪಡೆಯಬೇಕು. 1898 ಅಥವಾ ಅದಕ್ಕೂ ಹಿಂದೆ ತಯಾರಾದ ಕೋವಿ ಒಕ್ಕೂಟ ಕಾನೂನಿನ ಕಣ್ಣಿನಲ್ಲಿ ಪುರಾತನ ವಸ್ತು. ಲೈಟ್ನಿಂಗ್ ಮತ್ತು ಆರಂಭದ 1890ಗಳ ಬೆಲೆಗೆ ಅದೂ ಒಂದು ಕಾರಣ. ಐವತ್ತು ವರ್ಷ ದಾಟಿ ಮೂಲರೂಪದಲ್ಲಿರುವ ಕೋವಿಗಳಿಗೆ ಸಂಗ್ರಹಕಾರರ ಪರವಾನಗಿ ಎಂಬುದಿದೆ, ಮೂರು ವರ್ಷಕ್ಕೆ 30 ಡಾಲರ್.

ಊರಿಗೆ ತರುವ ಯೋಚನೆಯನ್ನು ಬಿಟ್ಟುಬಿಡಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯೇ ಇಲ್ಲ, ಶಸ್ತ್ರಾಸ್ತ್ರ ಕಾಯ್ದೆಯ ಬಾಗಿಲು ಬೇರೆ. ಪರವಾನಗಿಯ ವಿನಾಯಿತಿ ಇರುವ ಕೊಡಗಿನವರ ಮಾತು ಪ್ರತ್ಯೇಕ. ಹೊಡೆಯದ ಕೋವಿಯನ್ನೂ ವರ್ಷಕ್ಕೊಮ್ಮೆ ಒರೆಸಿ, ಆಯುಧಗಳ ಹಬ್ಬವಾದ ಕೈಲ್‌ಪೊಳ್ದಿನಂದು ಹೂವಿಟ್ಟು ಪೂಜಿಸುವ ಅವರಿಗೆ ನನ್ನ ಗೋಡೆಯ .32ರ ವಿಷಯ ವಿವರಿಸಬೇಕಾಗಿಲ್ಲ.

ಮತ್ತೆ ಮೇಜಿನ ಬಳಿಗೆ. ಅಜ್ಜನ 1890ರ ನಳಿಗೆ ಜಾತ್ರೆಯದ್ದೇ ಇರಬೇಕು, ಗುಂಡನ್ನು ತಿರುಗಿಸುವ ಒಳಗಿನ ಸುರುಳಿ ಗೀರುಗಳು ಸವೆದು ಅಳಿಸಿಹೋಗಿದ್ದವು. ನೋಟಕ್ಕೆ ಎಷ್ಟು ಚೆಲುವೋ ಅಷ್ಟೇ ಟೊಳ್ಳು. 760 ಅಚ್ಚುಕಟ್ಟಾಗಿತ್ತು, .30-06, ತೋಟಾ ಪೆಟ್ಟಿಗೆ ಎರಡಿದ್ದವು. ಅದನ್ನು ಅಂಗಡಿಗೆ ಕೊಡಬೇಡಿ, ಮೊಮ್ಮಗನಿಗೆ ಉಳಿಸಿ, ನಾಳೆಯೂ ತೋಟಾ ಸಿಗುತ್ತದೆ ಎಂದೆ. 141ರ ಎಡಮಗ್ಗುಲನ್ನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಹಿತ್ತಾಳೆಯ ಮೇಲೆ 35 ಎಂದಿತ್ತು. ನಳಿಗೆಯ ಮೇಲೂ 35 ಎಂದಿತ್ತು. ತೂತುಗಳಿಲ್ಲ, ಕೊಳವೆಯಲ್ಲಿ ತಗ್ಗಿಲ್ಲ. ಸಂತೆಯಲ್ಲಿ ಅಂಥದ್ದಕ್ಕೆ ಕೇಳುವ ಬೆಲೆಯನ್ನೇ ಹೇಳಿದೆ. ಅವರು ಒಳಗೆ ಹೋಗಿ ಅರ್ಧ ಖಾಲಿಯಾದ ತೋಟಾ ಡಬ್ಬಿಯೊಂದನ್ನು ತಂದು, "ಇದೂ ಅದರದ್ದೇ ಇರಬೇಕು" ಎಂದು ಕಂಬಳಿಯ ಮೇಲಿಟ್ಟರು.